ಗುರುವಾರದ ಮೇಜು

ಜೂನ್ 8, ಗುರುವಾರ

ಇವತ್ತು ಬೆಳಿಗ್ಗೆ ಅಮ್ಮನ ಮದುವೆಯ ಉಂಗುರ ಹೆಬ್ಬೆರಳಿನಲ್ಲಿತ್ತು. ಯಾವಾಗ ಬದಲಾಯಿಸಿಕೊಂಡಳೋ ತಿಳಿಯದು. ನಾನು ಗಮನಿಸಿದ್ದನ್ನು ಅವಳೂ ಗಮನಿಸಿದಳು. ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, "ಕಾಫಿ ಆರ್ತಾ ಇದೆ, ಕುಡಿ" ಅಂದಳು.

ಸಂಜೆ ಬೆವ್ ಬಂದಳು. ಕಾಯಿಲೆಯವರ ಮನೆಗಳಿಗೆ ಹೋಗಿ ಸುಮ್ಮನೆ ಜೊತೆಗೆ ಕೂರುವ ಸ್ವಯಂಸೇವಕಿ. ನಮ್ಮ ಇಟಲಿಯವಳಲ್ಲ, ಈ ಬೀದಿಯವಳೂ ಅಲ್ಲ, ಅದಕ್ಕೇ ಅಮ್ಮ ಒಪ್ಪಿದ್ದು. ಪ್ರತಿ ಗುರುವಾರ ಅವಳು ಹೆಣಿಗೆ ಹಿಡಿದು ಅಮ್ಮನ ಹಾಸಿಗೆಯ ಪಕ್ಕ ಕೂರುತ್ತಾಳೆ, ನನಗೆ ಬಿಡುವು. ಆ ಬಿಡುವನ್ನು ನಾನು ಎಲ್ಲಿ ಕಳೆಯಬೇಕೆಂದು ಅಮ್ಮನೇ ತೀರ್ಮಾನಿಸಿದ್ದಾಳೆ.

"ಮಿಮ್ಮಾ ಹೋಟೆಲಿಗೆ ಹೋಗು. ನಮ್ಮ ಮೇಜಲ್ಲೇ ಕೂತ್ಕೋ. ನಾನು ತಿನ್ನೋದನ್ನೇ ತಿನ್ನು. ಬಂದು ಎಲ್ಲಾ ಹೇಳ್ಬೇಕು. ಯಾರು ಬಂದಿದ್ರು, ಯಾರು ಯಾರನ್ನ ಮಾತಾಡಿಸ್ಲಿಲ್ಲ, ಎಲ್ಲಾ."

"ನೀನೆಲ್ಲಿ ಅಂತ ಕೇಳಿದ್ರೆ?"

"ಅಡಿಲೇಡಿಗೆ ಹೋಗಿದಾಳೆ, ತಂಗಿ ಮನೆಗೆ ಅನ್ನು."

"ಎಷ್ಟು ದಿನ ಅಂತ ಹಾಗನ್ನಲಿ, ಮಾ?"

"ನನ್ನ ತಂಗಿ ಬಾಯಿ ಬಿಟ್ರೆ ಮುಚ್ಚೋಕೆ ವರ್ಷ ಬೇಕು. ನಂಬ್ತಾರೆ."

ಹೋಟೆಲಿನ ಬೋರ್ಡಿನ ಮೇಲೆ ಮಿಮ್ಮಾಳ ಮಾವನ ಹೆಸರಿದೆ. ಆದರೆ ಫ್ರೀಮ್ಯಾಂಟಲ್ ಊರಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ಮಿಮ್ಮಾ ಹೋಟೆಲು ಅನ್ನುತ್ತಾರೆ. ಒಳಗೆ ಅದೇ ಕೆಂಪು ಚೌಕಳಿಯ ಮೇಜುಬಟ್ಟೆ, ಗೋಡೆಯ ಮೇಲೆ ಮೀನುದೋಣಿಗಳ ಫೋಟೋ, ಮಾತೆ ಮರಿಯಳ ತಲೆಯ ಮೇಲೆ ಸಣ್ಣ ಬಲ್ಬು. ಆ ದೋಣಿಗಳಲ್ಲಿ ದುಡಿದವರೇ ಈಗ ನಿವೃತ್ತರಾಗಿ ಫೋಟೋದ ಕೆಳಗೆ ಕೂತು ಊಟ ಮಾಡುತ್ತಾರೆ. ನಮ್ಮದು ಕಿಟಕಿಯ ಪಕ್ಕದ ಮೇಜು. ಅಪ್ಪ ಇದ್ದಾಗ ಅವನೂ ಅಮ್ಮನೂ ಪ್ರತಿ ಗುರುವಾರ ಬರುತ್ತಿದ್ದರು. ಅಪ್ಪ ಹೋದಮೇಲೆ ಅಮ್ಮ ನನ್ನನ್ನು ಅವನ ಕುರ್ಚಿಯಲ್ಲಿ ಕೂರಿಸಿದಳು.

ಕೋಸಿಮೊ ತಟ್ಟೆ ತಂದಿಟ್ಟ. ನಾನು ಹುಟ್ಟುವ ಮೊದಲಿನಿಂದಲೂ ಇಲ್ಲಿ ಬಡಿಸುತ್ತಿರುವವನು. "ಏನಮ್ಮಾ ಪುಸ್ತಕದ ಹುಳ, ರಾಣಿಯವರೆಲ್ಲಿ?"

"ಅಡಿಲೇಡ್" ಎಂದೆ. ಕೇಳಿಸಲಿಲ್ಲ ಅನಿಸುತ್ತದೆ. ಇನ್ನೊಮ್ಮೆ ಹೇಳಿದೆ.

ಕಿವಿಯಾಕಾರದ ಪಾಸ್ತಾ, ಕಹಿ ಸೊಪ್ಪು. ಅಮ್ಮ ಅದರ ಮೇಲೆ ನಿಂಬೆ ಹಿಂಡಿಕೊಳ್ಳುತ್ತಾಳೆ. ಇವತ್ತು ನಿಂಬೆ ಇರಲಿಲ್ಲ. ಕೋಸಿಮೊ ಮೂರು ಸಲ ಪಕ್ಕದಲ್ಲೇ ಹಾದುಹೋದ. ಕಾದಂಬರಿಗಳ ಬಗ್ಗೆ ಹಾಳೆಗಟ್ಟಲೆ ಬರೆದು ಪದವಿ ಪಡೆದಿದ್ದೇನೆ. ನಿಂಬೆಹಣ್ಣು ಕೇಳಲು ಆಗಲಿಲ್ಲ.

ಜೂನ್ 15, ಗುರುವಾರ

ಅಮ್ಮನಿಗೆ ವರದಿ ಒಪ್ಪಿಸಿದೆ. ಮುದುಕ ವೀತೊ ಹೊಸ ಹಲ್ಲು ಹಾಕಿಸಿಕೊಂಡಿದ್ದಾನೆ. ಮಾತಾಡುವಾಗ ತೆಗೆದಿಡುತ್ತಾನೆ, ತಿನ್ನುವಾಗ ಹಾಕಿಕೊಳ್ಳುತ್ತಾನೆ. ಅಮ್ಮ ಕಣ್ಣುಮುಚ್ಚಿ ಕೇಳುತ್ತಿದ್ದಳು. "ಮಿಮ್ಮಾ ಹೊರಗೆ ಬಂದಿದ್ಲಾ?"

"ಇಲ್ಲ, ಅಡುಗೆಮನೇಲಿದ್ರು."

"ಕೈ ಹೇಗಿತ್ತು? ಉಪ್ಪು?"

"ಸರಿ ಇತ್ತು."

ಆಗ ಧೈರ್ಯ ಮಾಡಿ ಕೇಳಿದೆ. ಮಿಮ್ಮಾಳಿಗೆ ಹೇಳಿದರೇನು? ನಲವತ್ತು ವರ್ಷದ ಗೆಳತಿ. ಇಟಲಿಯ ಮೊಲ್ಫೆಟ್ಟಾದಿಂದ ಒಂದೇ ಹಡಗಿನಲ್ಲಿ ಬಂದ ಮನೆತನಗಳು.

"ಹೇಳಿದ್ರೆ ಏನ್ಮಾಡ್ತಾಳೆ ಗೊತ್ತಾ? ಪಾತ್ರೆ ಹಿಡ್ಕೊಂಡು ಬರ್ತಾಳೆ," ಅಂದಳು ಅಮ್ಮ. "ಯಾರಾದ್ರೂ ಸತ್ರೆ ಆ ಮನೇಲಿ ಒಲೆ ಹಚ್ಚಲ್ಲ. ಮಿಮ್ಮಾ ಸಾರು ಮಾಡ್ತಾಳೆ, ನಾನು ಜೊತೆಗೆ ಹೊತ್ಕೊಂಡು ಹೋಗ್ತೀನಿ. ಎಷ್ಟು ಮನೆಗೆ ಹೋಗಿದೀವೋ! ಬಾಗಿಲು ತೆಗೆದೋರ ಮುಖ ನಂಗೆ ಗೊತ್ತು. ಪಾತ್ರೆ ನೋಡೋವರೆಗೂ ಅವ್ರು ನಂಬಿರಲ್ಲ. ನೋಡಿದ್ಮೇಲೆ ನಂಬ್ತಾರೆ." ಹೊದಿಕೆ ಎಳೆದುಕೊಂಡು, "ನಂಗೆ ಈಗಲೇ ನಂಬೋದು ಬೇಡ" ಅಂದಳು.

ಕೊನ್ಸೊಲೊ ಅನ್ನುತ್ತಾರೆ ಆ ಊಟಕ್ಕೆ. ಸಮಾಧಾನ. ಅಪ್ಪ ತೀರಿಕೊಂಡಾಗ ನಮ್ಮ ಮನೆಗೂ ಬಂದಿತ್ತು. ಅದರ ರುಚಿ ನೆನಪಿಲ್ಲ, ಬಿಸಿ ನೆನಪಿದೆ.

ಜೂನ್ 22, ಗುರುವಾರ

ಈ ವಾರ ದಿನವೂ ಬೆಳಿಗ್ಗೆ ಅಮ್ಮನ ಮೊಬೈಲು ರಿಂಗಾಗುತ್ತಿತ್ತು. ಅಮ್ಮ ಹೆಸರು ನೋಡಿ ಅದನ್ನು ದಿಂಬಿನ ಕೆಳಗೆ ತುರುಕುತ್ತಿದ್ದಳು. ಅದು ಅಲ್ಲೇ ಮೂಗಿನಲ್ಲಿ ಹಾಡಿದಂತೆ ಹಾಡಿ ನಿಲ್ಲುತ್ತಿತ್ತು.

ಸಂಜೆ ಹೋಟೆಲಿನಲ್ಲಿ ಮಿಮ್ಮಾ ಅಡುಗೆಮನೆಯಿಂದ ಹೊರಗೆ ಬಂದಳು. ಬಂದು ನನ್ನ ಮೇಜಿನ ಮುಂದೆ ನಿಂತಳು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಕೈ ಒಣಗಿದ ಮೇಲೂ.

"ನಿಮ್ಮಮ್ಮ ಬೇರೆ ಹೋಟೆಲು ಹಿಡಿದಿದಾಳಾ?"

"ಇಲ್ಲ ಝಿಯಾ." ನಂಟಿಲ್ಲದಿದ್ದರೂ ಇಲ್ಲಿ ಹಿರಿಯ ಹೆಂಗಸರೆಲ್ಲ ಝಿಯಾ, ಗಂಡಸರೆಲ್ಲ ಝಿಯೊ.

"ಅಡಿಲೇಡಲ್ಲಿ ಫೋನಿಗೆ ಬರಗಾಲವಾ? ನಾನು ಮಾಡಿದ್ರೆ ಎತ್ತಲ್ಲ. ಈಸ್ಟರ್ ದಿನ ಅವಳ ಕುರಿಮಾಂಸ ಒಣಗಿದೆ ಅಂದೆ, ಅದಕ್ಕಾ? ಒಣಗಿತ್ತು! ನಾನೇನು ಸುಳ್ಳು ಹೇಳ್ಲಾ?"

ನಾನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡೆ. 'ಝಿಯಾ, ಅಮ್ಮ ಮನೆಯಲ್ಲೇ ಇದ್ದಾಳೆ.' ಅಷ್ಟೇ ಸಾಕಾಗಿತ್ತು. ಮೊದಲ ಪದ ಬಾಯಿಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಉಕ್ಕಿತು, ಅವಳು ಓಡಿದಳು. ಉಕ್ಕದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಇಲ್ಲ ಅನಿಸುತ್ತದೆ.

ಜೂನ್ 23

ನರ್ಸ್ ಟ್ರೇಸಿ ಗೇಟಿನ ಹತ್ತಿರ ನಿಂತು ಹೇಳಿದಳು: "ತಿಂಗಳುಗಳ ಲೆಕ್ಕ ಬಿಟ್ಬಿಡು ಲವ್, ಇನ್ನು ವಾರಗಳು. ಯಾರಾದ್ರೂ ಬಂದು ನೋಡೋರಿದ್ರೆ ಈಗಲೇ ಹೇಳಿಕಳಿಸು."

ತಲೆಯಾಡಿಸಿದೆ.

ಜುಲೈ 6, ಗುರುವಾರ

ಹೋದ ವಾರ ಅಮ್ಮನಿಗೆ ನೋವು ಹೆಚ್ಚಾಯಿತು, ನಾನು ಎಲ್ಲಿಗೂ ಹೋಗಲಿಲ್ಲ. ಈ ವಾರ ಹೋದೆ.

ನಮ್ಮ ಮೇಜಿನಲ್ಲಿ ಯಾರೋ ನಾಲ್ಕು ಜನ ಹುಟ್ಟುಹಬ್ಬ ಮಾಡುತ್ತಿದ್ದರು. ಕೋಸಿಮೊ ನನ್ನ ಮುಖ ನೋಡದೆ ಒಳಗಿನ ಸಣ್ಣ ಮೇಜು ತೋರಿಸಿದ. "ಮಿಮ್ಮಾ ಹೇಳಿದ್ದು, ನಾನಲ್ಲ. 'ಗ್ರಾಜಿಯೆಲ್ಲಾಗೆ ನಾವು ಬೇಡ ಅಂದಮೇಲೆ ಅವಳ ಮೇಜು ಖಾಲಿ ಯಾಕೆ ಇಡ್ಬೇಕು' ಅಂದ್ಲು. ನಿಮ್ಮಮ್ಮನ ಮೇಲಿನ ಸಿಟ್ಟು ಇಳಿಯತ್ತೆ. ನೀನು ತಿನ್ನು ಮಗಳೇ."

ತಿಂದೆ. ಅಡುಗೆಮನೆಯ ಬಾಗಿಲು ಪ್ರತಿ ಸಲ ತೆರೆದಾಗಲೂ ಮಿಮ್ಮಾಳ ಬೆನ್ನು ಕಾಣುತ್ತಿತ್ತು. ಅಗಲವಾದ ಬೆನ್ನು. ಒಮ್ಮೆಯೂ ತಿರುಗಲಿಲ್ಲ.

ಮನೆಗೆ ಬಂದು ಎಂದಿನಂತೆ ವರದಿ ಒಪ್ಪಿಸಿದೆ. ಮೇಜಿನ ವಿಷಯ ಹೇಳಲಿಲ್ಲ. ಮಿಮ್ಮಾ ಬಾಗಿಲ ಸಂದಿಯಲ್ಲಿ ಕಂಡಳು, ಕೈ ತುಂಬ ಕೆಲಸ ಅಂದೆ. ಅಮ್ಮ ಕಣ್ಣು ತೆರೆದಳು.

"ನಮ್ಮ ಮೇಜಿಂದ ಆ ಬಾಗಿಲು ಕಾಣಲ್ಲ, ರೇನಾ."

ಗೋಡೆಯ ಕಡೆ ತಿರುಗಿಕೊಂಡಳು. ಬೆವ್ ಹೆಣಿಗೆ ಮಡಚಿ, ಸದ್ದಿಲ್ಲದೆ ಹೋದಳು. ಇವತ್ತಿನಿಂದ ಅಮ್ಮ ಸಾರನ್ನೂ ಬೇಡ ಅನ್ನುತ್ತಿದ್ದಾಳೆ. ನೀರು, ಮಂಜುಗಡ್ಡೆಯ ಚೂರು, ಅಷ್ಟೇ.

ಜುಲೈ 11, ಮಂಗಳವಾರ

ಫಾದರ್ ಶಿಜು ಬಂದು, ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಹೋದರು. ಅಮ್ಮನೇ ಕರೆಸು ಅಂದದ್ದು. ಯಾರಿಗೂ ಹೇಳಬಾರದೆಂದು ಅವರಿಂದ ಮಾತು ತೆಗೆದುಕೊಂಡಳು. ಅವರು ಕೇರಳದವರು, ಈ ಚರ್ಚಿಗೆ ಹೊಸಬರು, ಮಾತಿಗೆ ತಪ್ಪುವವರಲ್ಲ. ಆದರೆ ಹಳೆಯ ಪಾದ್ರಿಗಳಿಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲ. ಹಳಬರು ಇಂಥ ಕೆಲಸಕ್ಕೆ ಬಂದರೆ, ಬೀದಿಗೆ ತಿಳಿಯದಿರಲೆಂದು, ಪಾದ್ರಿಯ ಕೊರಳಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಕೈಯಲ್ಲಿ ದಿನಪತ್ರಿಕೆ ಹಿಡಿದು ಬರುತ್ತಿದ್ದರು. ಇವರು ನೇರಳೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು, ಎಣ್ಣೆಯ ಪುಟ್ಟ ಪೆಟ್ಟಿಗೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಎದುರುಮನೆಯ ಕಿಟಕಿಯ ಪರದೆ ಅಲ್ಲಾಡಿತು.

ಅಮ್ಮನಿಗೆ ಬೆಳಕು ಆಗುವುದಿಲ್ಲ. ನಮ್ಮ ಕಿಟಕಿಗಳೆಲ್ಲ ಮುಚ್ಚಿ ಎಷ್ಟೋ ದಿನವಾಯಿತು.

ಜುಲೈ 12, ಬುಧವಾರ

ಮರೆಯುವ ಮೊದಲು ಎಲ್ಲ ಬರೆಯಬೇಕು.

ಮಧ್ಯಾಹ್ನ ಬಾಗಿಲು ಬಡಿದರು. ತೆಗೆದೆ. ಮಿಮ್ಮಾ ತಲೆಯಿಂದ ಕಾಲಿನವರೆಗೆ ಕಪ್ಪು ಉಡುಪಿನಲ್ಲಿ. ಎರಡೂ ಕೈಯಲ್ಲಿ ಮೇಜುಬಟ್ಟೆಯಿಂದ ಗಂಟು ಕಟ್ಟಿದ ದೊಡ್ಡ ಪಾತ್ರೆ. ಅವಳ ಹಿಂದೆ ಕೋಸಿಮೊ, ಕಂಕುಳಲ್ಲಿ ಬ್ರೆಡ್ಡು, ಕೈಯಲ್ಲಿ ಕಾಫಿಯ ಫ್ಲಾಸ್ಕು. ನಾನು ಹಾಕಿಕೊಂಡಿದ್ದದ್ದೂ ಕಪ್ಪು ಸ್ವೆಟರು. ಒಗೆದದ್ದು ಅದೊಂದೇ ಇತ್ತು.

"ಅಯ್ಯೋ ನನ್ನ ಮಗಳೇ," ಅಂದಳು ಮಿಮ್ಮಾ. ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು. "ಅಷ್ಟು ದೂರದಲ್ಲಿ, ನಮ್ಮೋರು ಯಾರೂ ಇಲ್ಲದ ಕಡೆ! ಯಾವಾಗ ತರ್ತಾರೆ ಅವಳನ್ನ? ವಿಮಾನದಲ್ಲಾ?"

ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಕೋಳಿ ಸಾರಿನ ವಾಸನೆ ಬಂತು, ಅರ್ಥವಾಯಿತು. ಬಾಯಿ ತೆರೆದೆ, ಏನೂ ಹೊರಡಲಿಲ್ಲ. ಅವಳು ಅದನ್ನು ದುಃಖ ಅಂದುಕೊಂಡಳು. "ಮಾತಾಡ್ಬೇಡ, ಬೇಡ" ಎನ್ನುತ್ತ ನನ್ನನ್ನು ದಾಟಿ ಸೀದಾ ಅಡುಗೆಮನೆಗೆ ಹೋಗಿ, ನೀರು ಕಾಯುತ್ತಿದ್ದ ಒಲೆಯನ್ನು ಆರಿಸಿಬಿಟ್ಟಳು. "ಇನ್ನು ಈ ಮನೇಲಿ ನೀನು ಒಲೆ ಹಚ್ಚಬಾರದು. ನಾನಿದೀನಿ." ಸಾವಿನ ಮನೆಯ ಪದ್ಧತಿಯಂತೆ ಕೋಸಿಮೊ ಪಡಸಾಲೆಯ ಕನ್ನಡಿಯನ್ನು ಕೊಕ್ಕೆಯಿಂದ ಇಳಿಸಿ ಗೋಡೆಗೆ ಮುಖ ಮಾಡಿ ಇಡುತ್ತಿದ್ದ.

ಆಗ ಒಳಗಿನ ಕೋಣೆಯಿಂದ ಅಮ್ಮ ಕೂಗಿದಳು. "ರೇನಾ, ಯಾರೇ ಅದು?"

ಕೋಸಿಮೊ ಕನ್ನಡಿಯನ್ನು ಎದೆಗೆ ಅವಚಿಕೊಂಡು ಶಿಲುಬೆಯ ಗುರುತು ಮಾಡಲು ಹೋದ, ಕೈ ಸಿಗಲಿಲ್ಲ. ಮಿಮ್ಮಾ ನಿಂತಲ್ಲೇ ನಿಂತಳು. ಪಾತ್ರೆ ಬೀಳಲಿಲ್ಲ. ಅವಳ ಕೈಯಿಂದ ಪಾತ್ರೆ ಬೀಳುವುದಿಲ್ಲ.

"ಮಿಮ್ಮಾನಾ? ಹಾಗೆ ಮೂಗು ಎಳೆಯೋಳು ಅವಳೊಬ್ಬಳೇ."

ಮಿಮ್ಮಾ ಪಾತ್ರೆ ಹಿಡಿದುಕೊಂಡೇ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ಕಾಲಿಡಲಿಲ್ಲ. ಅಮ್ಮನನ್ನು ನೋಡಿದಳು. ಅಮ್ಮ ಅವಳನ್ನು ನೋಡಿದಳು, ಆಮೇಲೆ ಪಾತ್ರೆಯನ್ನು. ಅಮ್ಮ ಹೇಳಿದ್ದ ಆ ಮುಖವನ್ನು ನಾನು ಆಗ ಅಮ್ಮನಲ್ಲೇ ಕಂಡೆ.

"ಏನ್ ಹಾಗ್ ನೋಡ್ತೀಯ?" ಅಂದಳು ಅಮ್ಮ. "ಇನ್ನೂ ಸತ್ತಿಲ್ಲ."

"ಅಡಿಲೇಡಲ್ಲಿ..." ಅಂದಳು ಮಿಮ್ಮಾ. "ಪಾದ್ರಿ ಬಂದಿದ್ರಂತೆ. ಸುದ್ದಿ ಹೇಳೋಕೆ ಬಂದಿದ್ರು ಅಂತ ಎಲ್ಲರೂ..."

"ಏನ್ ಮಾಡಿದೀಯ ನಂಗೆ? ಬಿಚ್ಚು, ನೋಡೋಣ."

"ಬೇಡ ಗ್ರಾಜಿಯೆಲ್ಲಾ. ಇದನ್ನ ನೀನು ನೋಡಬಾರದು."

"ತನ್ನ ಕೊನ್ಸೊಲೊ ತಾನೇ ನೋಡೋ ಭಾಗ್ಯ ಯಾರಿಗಿದೆ? ಬಿಚ್ಚೇ. ಮಾಂಸದುಂಡೆ ಹಾಕಿದೀಯ?"

"ಹಾಕಿದೀನಿ."

"ಎಷ್ಟು ದಪ್ಪ?"

"ನಿನಗೆ ಕಡಲೆಕಾಳಿನಷ್ಟು, ಒಂದೊಂದೇ ಕೂತು ಉರುಳಿಸಿದ್ದು. ಇನ್ನೆಷ್ಟು?"

"ಫ್ರಾಂಕಾ ಸತ್ತಾಗ ನಿಂಬೆಹಣ್ಣಿನಷ್ಟು ಮಾಡಿದ್ದೆಯಲ್ಲೇ."

"ಫ್ರಾಂಕಾಗೂ ನಂಗೂ ಅಷ್ಟಕ್ಕಷ್ಟೆ."

ಅಮ್ಮ ನಕ್ಕಳು. ನಗು ಕೆಮ್ಮಾಯಿತು. ನಾನು ಅವಳನ್ನು ಎತ್ತಿ ಕೂರಿಸಿ ಬೆನ್ನು ಹಿಡಿದೆ. ಬಟ್ಟಲು ತಾ ಅಂದಳು. ಮಿಮ್ಮಾ ತಲೆಯಾಡಿಸುತ್ತಲೇ ಇದ್ದಳು. ನಾನೇ ಗಂಟು ಬಿಚ್ಚಿ ಸಾರು ಬಗ್ಗಿಸಿದೆ. ಅಮ್ಮ ಮೂರು ಚಮಚ ಕುಡಿದಳು. ನಾಲಿಗೆ ಚಪ್ಪರಿಸಿದಳು.

"ಉಪ್ಪಿಲ್ಲ."

"ಅಳ್ತಾ ಮಾಡಿದ್ದು."

"ಅತ್ತಿದ್ರೆ ಉಪ್ಪು ಜಾಸ್ತಿ ಆಗಬೇಕಿತ್ತಲ್ಲೇ!"

ಆಗ ಮಿಮ್ಮಾ ಬಾಗಿಲಿಂದ ಒಳಗೆ ಬಂದು ಹಾಸಿಗೆಯ ಮೇಲೆ ಕೂತಳು. ಅಮ್ಮನ ಪಾದಗಳನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡು, ಎರಡನ್ನೂ ಜೋರಾಗಿ ಒಮ್ಮೆ ಅಲುಗಿಸಿದಳು, ಮಲಗಿದ ಮಕ್ಕಳನ್ನು ಎಬ್ಬಿಸುವ ಹಾಗೆ. ಅಮ್ಮ ಹಾಗೇ ನಿದ್ದೆಹೋದಳು.

ಪಡಸಾಲೆಯಲ್ಲಿ ಮಿಮ್ಮಾ ನನ್ನ ತೋಳು ಹಿಡಿದಳು. ನೋವಾಯಿತು. "ಅಡಿಲೇಡು! ನನ್ನ ಮೇಜಲ್ಲಿ ಕೂತು, ನನ್ನ ಅನ್ನ ತಿಂದು, ಅಡಿಲೇಡು!"

"ಅಮ್ಮ ಹೇಳಬೇಡ ಅಂದ್ಲು, ಝಿಯಾ."

"ಅವಳು ಅಂತಾಳೆ! ಹುಟ್ಟಿದಾಗಿಂದ ಅವಳು ಅನ್ನೋದೆಲ್ಲ ಉಲ್ಟಾ. ನಿನಗೆ ಬಾಯಿಲ್ವಾ? ಇಷ್ಟು ವಾರ ನಾನು ಅವಳ ಮೇಲೆ ಹಲ್ಲು ಕಡೀತಾ ಕೂತಿದ್ದೆ. ಹಲ್ಲು ಕಡೀತಾ!"

ಹೋಗುವಾಗ ಪಾತ್ರೆ, ಬ್ರೆಡ್ಡು, ಫ್ಲಾಸ್ಕು ಎಲ್ಲವನ್ನೂ ವಾಪಸು ಹೊತ್ತುಕೊಂಡು ಹೋದಳು. ಆ ಸಾರು ಮನೆಯಲ್ಲಿ ಒಂದು ಹನಿ ಇರಬಾರದಂತೆ. ಕೋಸಿಮೊ ಕನ್ನಡಿ ಮತ್ತೆ ತೂಗುಹಾಕಿದ, ಸೊಟ್ಟಗೆ.

ಜುಲೈ 13, ಗುರುವಾರ

ಬೆಳಿಗ್ಗೆ ಎದ್ದವಳೇ ಅಮ್ಮ, "ಆ ಸಾರು ಇದೆಯಾ?" ಅಂದಳು. ಇಲ್ಲ ಅಂದೆ. ನಾನು ಮಾಡಿಕೊಟ್ಟದ್ದನ್ನು ತುಟಿಗೆ ಮುಟ್ಟಿಸಿ ಬಟ್ಟಲು ದೂಡಿದಳು.

ಸಂಜೆ ಹೋಟೆಲಿಗೆ ಹೋದರೆ ಕೋಸಿಮೊ ಬಾಗಿಲಲ್ಲೇ ಪಿಸುಗುಟ್ಟಿದ. "ಮಿಮ್ಮಾ ಬೆಳಿಗ್ಗೆಯಿಂದ ಎರಡು ಸಲ ಚರ್ಚಿಗೆ ಹೋಗಿಬಂದಿದಾಳೆ. ಬದುಕಿರೋರ ಮನೆಗೆ ಸತ್ತೋರ ಊಟ ಒಯ್ದೆ, ಸಾವನ್ನ ನಾನೇ ಹೊತ್ಕೊಂಡು ಹೋಗಿ ಅವಳ ಮಡಿಲಿಗೆ ಹಾಕಿದೆ ಅಂತ. ಇವತ್ತು ಏನೂ ಕೇಳ್ಬೇಡ ಅವಳನ್ನ."

ಕೇಳಬೇಕಿತ್ತು. ಅಡುಗೆಮನೆಗೆ ಹೋದೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು ಅದು. ಒಬ್ಬಳು ನಿಂತರೆ ಮುಗಿಯಿತು. ಮಿಮ್ಮಾ ಸೊಪ್ಪು ಬಿಡಿಸುತ್ತಿದ್ದಳು.

"ಅಮ್ಮನಿಗೆ ಸಾರು ಬೇಕು ಝಿಯಾ. ನೀವು ಮಾಡಿದ್ದೇ."

"ನನ್ನ ಕೈಯಿಂದ ಆ ಮನೆಗೆ ಪಾತ್ರೆ ಬರಲ್ಲ."

"ಮೂರು ಚಮಚ ಕುಡಿದ್ಲು. ಎಷ್ಟೋ ದಿನ ಆಗಿತ್ತು ಏನೂ ಕುಡೀದೆ. ನೀವು ಕೊಡಿ, ನಾನೇ ಬಾಟಲಿಯಲ್ಲಿ ಒಯ್ತೀನಿ. ಅದು ಪಾತ್ರೆ ಅಲ್ವಲ್ಲ."

"ವಾದ ಮಾಡ್ತಾಳೆ ನೋಡು! ಬಾಟಲಿಯಲ್ಲಿ ಒಯ್ದ್ರೆ ಸಾವಿಗೆ ಗೊತ್ತಾಗಲ್ವಾ?"

"ಸಾವಿಗೆ ಹೇಗಿದ್ರೂ ವಿಳಾಸ ಗೊತ್ತು," ಎಂದೆ.

ಮಿಮ್ಮಾ ಸೊಪ್ಪು ಕೆಳಗಿಟ್ಟಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಅವಳು ಮುಖ ತೊಳೆದುಕೊಂಡು, ಅದೇ ಒದ್ದೆ ಮುಖದಲ್ಲಿ ಹೇಳಿದಳು: "ನಾನು ಒಯ್ಯಲ್ಲ, ನಿನಗೂ ಕೊಡಲ್ಲ. ಅವಳೇ ಇಲ್ಲಿಗೆ ಬರಲಿ. ಹೋಟೆಲಿಗೆ ಬಂದು ತಿನ್ನೋರು ಬದುಕಿರೋರು. ಸೋಮವಾರ ನಮಗೆ ರಜ, ಯಾರೂ ನೋಡಲ್ಲ. ಕರ್ಕೊಂಡು ಬಾ."

ಊಟ ಮಾಡುವುದನ್ನು ಮರೆತು ಮನೆಗೆ ಬಂದಿದ್ದೆ. ಹಸಿವಾದಾಗಲೇ ತಿಳಿದದ್ದು.

ಜುಲೈ 17, ಸೋಮವಾರ

ಟ್ರೇಸಿ ಗಾಲಿಕುರ್ಚಿ ಕೊಟ್ಟಳು, ಅದರ ಜೊತೆಗೆ ಎಚ್ಚರಿಕೆಯನ್ನೂ: "ಹೋಗೋದೇ ಅವರಿಗೆ ಸಾಕು ಅನ್ನಿಸಬಹುದು. ತಿನ್ನೋದನ್ನ ಲೆಕ್ಕಕ್ಕೆ ಹಿಡೀಬೇಡ." ಅಮ್ಮ ತುಟಿಗೆ ಬಣ್ಣ ಹಚ್ಚಿಸಿಕೊಂಡಳು. ನಾನು ಹಚ್ಚುವಾಗ ಅದು ಮೂಲೆಯಲ್ಲಿ ಸ್ವಲ್ಪ ಆಚೆ ಹೋಯಿತು. ಒರೆಸಲು ಹೋದರೆ, "ಇರಲಿ, ಊಟ ಮಾಡಿದ್ರೆ ಹೋಗತ್ತೆ" ಅಂದಳು.

ಕೋಸಿಮೊ ಕುರ್ಚಿ ತಳ್ಳಿದ. ಎರಡೇ ಬೀದಿ, ಬಂದರಿನ ಕಡೆಯಿಂದ ತಣ್ಣನೆಯ ಗಾಳಿ. ಹೋಟೆಲಿನಲ್ಲಿ ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಬೋರಲು ಹಾಕಿದ್ದರು, ಕಿಟಕಿಯ ಪಕ್ಕದ್ದೊಂದನ್ನು ಬಿಟ್ಟು. ಕೋಸಿಮೊ ಓಡಿಹೋಗಿ ಬಿಳಿ ಕೋಟು ಹಾಕಿಕೊಂಡು ಬಂದು, ಸೊಂಟ ಬಗ್ಗಿಸಿದ. "ಮೇಜು ಕಾದಿರಿಸಿದ್ದೀರಾ ಮೇಡಂ?"

"ನಿನಗೆ ಕೂದಲಿದ್ದ ಕಾಲದಿಂದ," ಅಂದಳು ಅಮ್ಮ.

ಮಿಮ್ಮಾ ತಾನೇ ತಟ್ಟೆ ತಂದಳು. ಸಾರು, ಆಮೇಲೆ ಕಿವಿ ಪಾಸ್ತಾ, ಹತ್ತೇ ಹತ್ತು ಕಿವಿ, ಮೆತ್ತಗೆ ಬೇಯಿಸಿದ್ದು. ನಿಂಬೆ ಕತ್ತರಿಸಿ ಇಟ್ಟಿದ್ದಳು. ಅಮ್ಮ ಸಾರಿನ ಚಮಚವನ್ನು ಬಾಯಿಗೊಯ್ದು ಹಾಗೇ ಕೆಳಗಿಟ್ಟಳು. ಪಾಸ್ತಾದ ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದಳು. ಅಗಿಯುತ್ತಲೇ ಇದ್ದಳು. ಬೀದಿಯಲ್ಲಿ ಬಸ್ಸು ಬಂದು ಹೋಯಿತು, ಇನ್ನೂ ಅಗಿಯುತ್ತಿದ್ದಳು. ಆಮೇಲೆ ಕರವಸ್ತ್ರ ಬಾಯಿಗೆ ಹಿಡಿದಳು. ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು. ಮಿಮ್ಮಾ ಪಕ್ಕದ ಮೇಜನ್ನು ಒರೆಸತೊಡಗಿದಳು, ಅದರ ಮೇಲೆ ಕುರ್ಚಿಗಳಿದ್ದವು.

"ಚೆನ್ನಾಗಿದೆ," ಅಂದಳು ಅಮ್ಮ.

"ಸುಳ್ಳಿ," ಅಂದಳು ಮಿಮ್ಮಾ, ತಿರುಗದೆ.

ಆಮೇಲೆ ವಾಂತಿಯಾಯಿತು. ಕುಡಿದ ನೀರು, ಒಂದಿಷ್ಟು ಕಂದು ಬಣ್ಣದ್ದು, ಮೇಜುಬಟ್ಟೆಯ ಮೇಲೆ, ಅವಳ ಒಳ್ಳೆಯ ಕೋಟಿನ ಮೇಲೆ. ಕೋಸಿಮೊ ಕಲ್ಲಿನಂತೆ ನಿಂತುಬಿಟ್ಟಿದ್ದ. "ಟವೆಲು ತನ್ನಿ! ಬಿಸಿನೀರು! ಝಿಯೊ, ನಿಂತ್ಕೋಬೇಡಿ, ಕಿಟಕಿ ತೆಗೀರಿ!" ಎಂದು ಕೂಗಿದೆ. ತಲೆ ಹಿಡಿದುಕೊಂಡೆ, ಬಾಯಿ ಒರೆಸಿದೆ, ಕೋಟು ಬಿಚ್ಚಿಸಿದೆ. ತುಟಿಯ ಬಣ್ಣವೂ ಹೋಯಿತು. ಮಿಮ್ಮಾ ಮಂಡಿಯೂರಿ ನೆಲ ಒರೆಸಿದಳು. ಅವಳಿಗೆ ಮಂಡಿನೋವಿದೆ, ಆಮೇಲೆ ಏಳಲು ಆಗಲಿಲ್ಲ. ಅಲ್ಲೇ ನೆಲದ ಮೇಲೆ, ಅಮ್ಮನ ಗಾಲಿಕುರ್ಚಿಗೆ ಒರಗಿ ಕೂತುಬಿಟ್ಟಳು.

ಅಮ್ಮ ಕೈ ಇಳಿಬಿಟ್ಟು ಅವಳ ತಲೆಯ ಮೇಲಿಟ್ಟಳು. "ನಿಜವಾದ ದಿನ ಉಪ್ಪು ಸರಿಯಾಗಿ ಹಾಕು."

"ನಿಜವಾದ ದಿನ ನಂಗೆ ಯಾರು ಹೇಳ್ತಾರೆ?" ಅಂದಳು ಮಿಮ್ಮಾ. "ಬೀದೀಲಿ ಪಾದ್ರಿ ಕುತ್ತಿಗೆ ನೋಡ್ಕೊಂಡು ಕೂತಿರ್ಲಾ? ಎದುರುಮನೆಯವಳು ಬಂದು ಹೇಳಬೇಕಾ? ಹೋದ್ಸಲ ಹಾಗೇ ಆಗಿದ್ದು. ಮೀನಂಗಡೀಲಿ ಮೀನು ಕೊಳ್ಳೋಕೆ ಬಂದೋಳು ಹೇಳಿದ್ಲು, ಮೀನಿನ ಜೊತೆ, ಚಿಲ್ಲರೆ ಎಣಿಸ್ತಾ. ನಿನ್ನ ಸಾವು ನಂಗೆ ಹಾಗೆ ಸಿಕ್ತು, ಗ್ರಾಜಿಯೆಲ್ಲಾ."

ಅಮ್ಮ ಕೈ ತೆಗೆಯಲಿಲ್ಲ.

ಮನೆಯಲ್ಲಿ ಮಲಗಿಸಿದ ಮೇಲೆ ಮೆಲ್ಲಗೆ ಅಂದಳು: "ಬೆಳಕು ಜಾಸ್ತಿ ಇತ್ತು ಅಲ್ಲಿ. ಇನ್ನೊಂದ್ಸಲ ಕರ್ಕೊಂಡು ಹೋಗ್ಬೇಡ."

ಇಲ್ಲ ಮಾ ಅಂದೆ.

ಜುಲೈ 20, ಗುರುವಾರ

ಅಮ್ಮ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುತ್ತಾಳೆ. ಬೆವ್ ನನ್ನನ್ನು ಬಲವಂತವಾಗಿ ಕಳಿಸಿದಳು.

ಕಿಟಕಿಯ ಪಕ್ಕದ ಮೇಜು ಖಾಲಿಯಿತ್ತು. ಕೋಸಿಮೊ ಏನೂ ತಮಾಷೆ ಮಾಡಲಿಲ್ಲ. ನಾನು ಮೀನಿನ ಸೂಪು ಹೇಳಿದೆ, ಬ್ರೆಡ್ಡು ಬಿಸಿಮಾಡಿ ತನ್ನಿ ಅಂದೆ. ವೀತೊ ತನ್ನ ಮೇಜಿನಿಂದ ಎದ್ದು ಬಂದು, ಬಾಯಿಂದ ಹಲ್ಲು ತೆಗೆದು ಜೇಬಿಗೆ ಹಾಕಿ, "ನಿಮ್ಮಮ್ಮ ಒಳ್ಳೆ ಡಾನ್ಸ್ ಮಾಡ್ತಿದ್ಲು" ಅಂದ. ಈಗ ಎಲ್ಲರಿಗೂ ಗೊತ್ತಾಗಿದೆ. ಯಾವಾಗ, ಎಲ್ಲಿ, ಯಾರ ಜೊತೆ ಎಂದು ಕೇಳಿದೆ. ಅವನು ಕೂತು ಹೇಳಿದ. ಅಪ್ಪನ ಜೊತೆ ಅಲ್ಲವಂತೆ.

ಜನ ಕಡಿಮೆಯಾದಾಗ ಮಿಮ್ಮಾ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಅದು ಅಮ್ಮನ ಕುರ್ಚಿ. ಅವಳು ಅದರಲ್ಲಿ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ದಿನವೂ ಮಧ್ಯಾಹ್ನ ಬರಿಗೈಯಲ್ಲಿ ನಮ್ಮ ಮನೆಗೆ ಬರುತ್ತಾಳೆ, ಅಮ್ಮನ ಪಾದ ಹಿಡಿದು ಕೂತು ಹೋಗುತ್ತಾಳೆ. ಬರಿಗೈಯಲ್ಲಿ ಬರುವುದು ಅವಳಿಗೆ ಎಷ್ಟು ಕಷ್ಟವೋ. ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ ಅವಳಿಗೆ.

ಮನೆಗೆ ಬಂದು ಅಮ್ಮನ ಕಿವಿಯ ಹತ್ತಿರ ಕೂತು ವರದಿ ಒಪ್ಪಿಸಿದೆ. ವೀತೊ ಹೇಳಿದ್ದನ್ನೂ ಹೇಳಿದೆ. ಹುಬ್ಬು ಸ್ವಲ್ಪ ಅಲುಗಿತು. ಅಲುಗಿತು ಅಂತಲೇ ಬರೆಯುತ್ತೇನೆ.

ಜುಲೈ 22, ಶನಿವಾರ

ಉಸಿರಿನ ನಡುವೆ ಬಿಡುವು ಬೀಳುತ್ತಿದೆ. ಟ್ರೇಸಿ ಇನ್ನು ದಿನಗಳು ಅಂದಳು.

ಅಡಿಲೇಡಿನಿಂದ ಲೀನಾ ಚಿಕ್ಕಮ್ಮ ಫೋನು ಮಾಡಿದ್ದಳು. ಸೋಮವಾರ ಬರುತ್ತಾಳಂತೆ. "ನೀನೇನೂ ಹೆದರ್ಕೋಬೇಡ ಪುಟ್ಟಿ. ಅದು ಆದಾಗ ನಂಗೊಂದು ಮೆಸೇಜ್ ಹಾಕು, ಸಾಕು. ಚರ್ಚಿಗೆ, ನಂಟರಿಗೆ, ಆ ಹೋಟೆಲಿನವಳಿಗೆ, ಎಲ್ಲರಿಗೂ ನಾನೇ ಫೋನು ಮಾಡ್ತೀನಿ. ನಿನಗೆ ಮಾತು ಕಷ್ಟ ಅಂತ ಗೊತ್ತಲ್ಲ ನಂಗೆ."

ಸರಿ ಚಿಕ್ಕಮ್ಮ, ಅಂದೆ. ಚರ್ಚಿಗೆ, ನಂಟರಿಗೆ ಅವಳೇ ಮಾಡಲಿ.

ಮಿಮ್ಮಾಳಿಗೆ ಮಾತ್ರ ನಾನು ಹೇಳುತ್ತೇನೆ. ಫೋನಿನಲ್ಲಲ್ಲ. ಬೆವ್ ಅಥವಾ ಚಿಕ್ಕಮ್ಮ ಅಮ್ಮನ ಹತ್ತಿರ ಕೂತಿರಲಿ. ನಾನು ಎರಡು ಬೀದಿ ನಡೆದು ಹೋಗುತ್ತೇನೆ. ಊಟದ ಹೊತ್ತಾಗಿದ್ದರೂ, ಹೋಟೆಲು ತುಂಬಿದ್ದರೂ ಮುಂಬಾಗಿಲಿನಿಂದಲೇ ಹೋಗುತ್ತೇನೆ. ಎಲ್ಲರೂ ತಿರುಗಿ ನೋಡುತ್ತಾರೆ, ನೋಡಲಿ. ಕೋಸಿಮೊ ಏನಾಯಿತು ಎಂದು ಕೇಳಿದರೂ ಅವನಿಗೆ ಮೊದಲು ಹೇಳುವುದಿಲ್ಲ. ಅಡುಗೆಮನೆಗೆ ಹೋಗಿ, ಅವಳ ಕೈಯಲ್ಲಿ ಏನಿದ್ದರೂ ಅದನ್ನು ತೆಗೆದು ಕೆಳಗಿಟ್ಟು, ಅವಳ ಮುಖ ನೋಡಿ ಹೇಳುತ್ತೇನೆ.